ನಿರೀಶ್ವರವಾದವೂ ನಿಸಿದಿಗಲ್ಲುಗಳೂ

ಈಶ್ವರನನ್ನು ಒಪ್ಪದವನಿಗೆ ಬಾಳಿನಲ್ಲಿ ಗುರಿಯಿಲ್ಲ, ಸಾವಿನಲ್ಲಿ ಸಮಾಧಾನವಿಲ್ಲ ಎಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢವಾಗಿದೆ. ಇದು ಪಾಮರರ ಮಾತು ಮಾತ್ರವಲ್ಲ. ಶಾಸ್ತ್ರಗಳನ್ನು ಗುರುಮುಖದಿಂದ ಓದಿದವರೂ ಇದನ್ನು ಸಿದ್ಧಾಂತವೆಂಬಂತೆ ಹೇಳುವುದುಂಟು. ಬಾಲ್ಯದಲ್ಲಿ ನಾನೂ ಹಾಗೆಯೇ ತಿಳಿದಿದ್ದೆನು. ಈಶ್ವರನಿರುವನೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ದಾರ್ಶನಿಕರ ಕೆಲಸ. ಅದು ಈ ಲೇಖನದ ವಿಷಯವಲ್ಲ. ಈಶ್ವರನಿಲ್ಲವೆಂದು ನಿಶ್ಚಯಿಸಿದವರು ನಮ್ಮ ನಾಡಿನಲ್ಲಿ ಹೇಗೆ ಸತ್ತರು ಎಂಬುದು ಮಾತ್ರ ಇತಿಹಾಸದ ಪ್ರಶ್ನೆಯು. ಅದಕ್ಕೆ ಉತ್ತರವು ಕಲ್ಲಿನಲ್ಲಿ ಬರೆದಿರುವುದರಿಂದ ಊಹೆಗೆ ಹೆಚ್ಚು ಎಡೆಯಿಲ್ಲ. ಕರ್ಣಾಟಕದಲ್ಲಿ ಸಾವಿನ ಕಲ್ಲುಗಳಿಗೆ ಕೊರತೆಯಿಲ್ಲ. ಊರ ಹೊರಗೆ ವೀರಗಲ್ಲು, ಅದರ ಪಕ್ಕದಲ್ಲಿ ಮಾಸ್ತಿಗಲ್ಲು, ಬಸದಿಯ ಬಳಿ ನಿಸಿದಿಗಲ್ಲು; ಇವುಗಳಲ್ಲಿ ಮೂರನೆಯದು ಪ್ರಕೃತ ವಿಷಯಕ್ಕೆ ಮುಖ್ಯವಾದ ಸಾಕ್ಷಿಯು.

ಮೊದಲು ಪದಗಳ ವಿಚಾರ. ಈಗ ನಾವು 'ನಾಸ್ತಿಕ'ನೆಂದರೆ ದೇವರನ್ನು ನಂಬದವನೆಂದು ಅರ್ಥಮಾಡುತ್ತೇವೆ. ಹಿಂದಿನವರ ಅರ್ಥವು ಇದಲ್ಲ. ಪಾಣಿನಿಯು ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ (೪.೪.೬೦) ಆಸ್ತಿಕ, ನಾಸ್ತಿಕ, ದೈಷ್ಟಿಕ ಎಂಬ ಮೂರು ಪದಗಳನ್ನು ಒಂದೇ ಸೂತ್ರದಿಂದ ಸಾಧಿಸುತ್ತಾನೆ. ಪರಲೋಕವುಂಟೆಂಬ ಬುದ್ಧಿಯುಳ್ಳವನು ಆಸ್ತಿಕನೆಂದು ಕಾಶಿಕಾವೃತ್ತಿಯು ಅಲ್ಲಿ ವಿವರಿಸುತ್ತದೆ. ಈಶ್ವರನ ಹೆಸರನ್ನೇ ಎತ್ತುವುದಿಲ್ಲ. ಮನುವಾದರೋ ವೇದವನ್ನು ನಿಂದಿಸುವವನನ್ನು ನಾಸ್ತಿಕನೆನ್ನುತ್ತಾನೆ. ಅಲ್ಲಿಯೂ ಈಶ್ವರನ ಮಾತಿಲ್ಲ. ಹೀಗೆ ಪರಲೋಕವುಂಟೇ, ವೇದವು ಪ್ರಮಾಣವೇ, ಜಗತ್ತಿಗೆ ಕರ್ತೃವುಂಟೇ ಎಂಬ ಮೂರು ಪ್ರಶ್ನೆಗಳು ಬೇರೆಬೇರೆಯಾಗಿದ್ದುವು. ವೇದವೇ ಸರ್ವಸ್ವವೆನ್ನುವ ಮೀಮಾಂಸಕನು ಕರ್ತೃವನ್ನು ಒಪ್ಪುವುದಿಲ್ಲ. ವೇದವನ್ನೂ ಕರ್ತೃವನ್ನೂ ಒಪ್ಪದ ಜೈನನು ಪರಲೋಕವನ್ನೂ ಕರ್ಮಫಲವನ್ನೂ ಒಪ್ಪುತ್ತಾನೆ. ಮೂರನ್ನೂ ಒಪ್ಪದವನು ಲೋಕಾಯತನೊಬ್ಬನೇ. ಈ ಮೂವರನ್ನೂ ಒಂದೇ ಚೀಲದಲ್ಲಿ ತುಂಬಿ 'ನಾಸ್ತಿಕ'ರೆಂದು ಚೀಟಿ ಅಂಟಿಸಿದ್ದರಿಂದಲೇ ನಮ್ಮ ವಿಚಾರವು ಕಲುಷಿತವಾಗಿದೆ.

ಮೀಮಾಂಸಕರ ವಿಷಯದಲ್ಲಿ ಒಂದು ವಿಚಿತ್ರವಾದ ಕಥೆಯಿದೆ. ಕುಮಾರಿಲಭಟ್ಟನು ಶ್ಲೋಕವಾರ್ತಿಕದ ಸಂಬಂಧಾಕ್ಷೇಪಪರಿಹಾರಪ್ರಕರಣದಲ್ಲಿ ಸೃಷ್ಟಿಕರ್ತನ ವಾದವನ್ನು ಎಳೆಯೆಳೆಯಾಗಿ ಬಿಡಿಸಿ ಖಂಡಿಸಿರುವನು. ಅದೇ ಗ್ರಂಥದ ಮೊದಲನೆಯ ಶ್ಲೋಕದಲ್ಲಿ ಚಂದ್ರಶೇಖರನಿಗೆ ನಮಸ್ಕಾರವಿರುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾಗುವುದುಂಟು. ವ್ಯಾಖ್ಯಾನಕಾರನಾದ ಪಾರ್ಥಸಾರಥಿಮಿಶ್ರನು ಆ ಶ್ಲೋಕವನ್ನು ಯಜ್ಞಪರವಾಗಿಯೂ ಹೊಂದಿಸಿ ತನ್ನ ಮತದ ಮಾನವನ್ನು ಕಾಪಾಡಿದ್ದಾನೆ. ಇರಲಿ. ಮಾಧವೀಯ ಶಂಕರವಿಜಯದ ಏಳನೆಯ ಸರ್ಗದಲ್ಲಿ ಈ ಕುಮಾರಿಲನು ಪ್ರಯಾಗದಲ್ಲಿ ತುಷಾಗ್ನಿಯೊಳಗೆ ಕುಳಿತು ಮೆಲ್ಲಮೆಲ್ಲನೆ ಬೇಯುತ್ತಿರುವಾಗ ಶಂಕರಾಚಾರ್ಯರು ಅವನನ್ನು ಕಾಣುತ್ತಾರೆ. ಪ್ರಾಯಶ್ಚಿತ್ತಕ್ಕೆ ಕಾರಣಗಳು ಎರಡು. ವಿದ್ಯೆ ಕಲಿಸಿದ ಬೌದ್ಧಗುರುವಿಗೆ ದ್ರೋಹ ಬಗೆದುದು ಒಂದು. ಜೈಮಿನಿಯ ಮತದ ಅಭಿನಿವೇಶದಿಂದ ಈಶ್ವರನನ್ನು ನಿರಾಕರಿಸಿದುದು ಮತ್ತೊಂದು.

ಈ ಕಥೆಯನ್ನು ಚರಿತ್ರೆಯೆಂದು ಸ್ವೀಕರಿಸಲು ಆಧಾರವಿಲ್ಲ. ಕುಮಾರಿಲನ ಕಾಲವು ಏಳನೆಯ ಶತಮಾನ. ಕಾವ್ಯವು ಎಷ್ಟೋ ಶತಮಾನಗಳ ಅನಂತರದ್ದು. ಅದು ವಿದ್ಯಾರಣ್ಯರದೆಂಬುದನ್ನೂ ವಿಮರ್ಶಕರಲ್ಲಿ ಅನೇಕರು ಒಪ್ಪುವುದಿಲ್ಲ. ಆದರೆ ನಡೆಯದ ಸಂಗತಿಯೂ ಹೇಳಿದವನ ಮನಸ್ಸಿಗೆ ಸಾಕ್ಷಿಯಾಗಬಲ್ಲುದು. ಈಶ್ವರನನ್ನು ಒಪ್ಪದ ಮಹಾಪಂಡಿತನು ಸಮಾಧಾನವಾಗಿ ಸತ್ತನೆಂದರೆ ಭಕ್ತನಾದ ಕವಿಗೆ ಅದು ಸಹನೀಯವಲ್ಲ. ಪಶ್ಚಾತ್ತಾಪವಿಲ್ಲದೆ ಅವನನ್ನು ಸಾಯಗೊಡಲು ಮನಸ್ಸು ಬಾರದು. ಬೆಂಕಿಯಲ್ಲಿ ಸುಡದೆ ಅವನ ತರ್ಕವು ಸುಳ್ಳಾಗುವುದಿಲ್ಲ! ನಿರೀಶ್ವರವಾದಿಯ ಅಂತ್ಯಕಾಲವು ಹೀಗಿರಬೇಕು ಎಂಬ ಆಸೆಯು ಇಲ್ಲಿ ಕಥೆಯಾಗಿ ಮೂಡಿದೆಯೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಉದಾರವಾದ ಮನಸ್ಸನ್ನು ಉದಯನಾಚಾರ್ಯನಲ್ಲಿ ಕಾಣುತ್ತೇವೆ. ಅವನ ಲಕ್ಷಣಾವಲಿಯು ಶಕ ೯೦೬ರಲ್ಲಿ, ಎಂದರೆ ಕ್ರಿ.ಶ. ೯೮೪ರಲ್ಲಿ ಮುಗಿಯಿತು, ಇದೇ ದಶಕಗಳಲ್ಲಿ ನಮ್ಮ ಕಟವಪ್ರದಲ್ಲಿ ಅರಸರು ಅನ್ನ ಬಿಟ್ಟು ದೇಹವಿಡುತ್ತಿದ್ದರೆಂಬುದನ್ನು ನೆನಪಿನಲ್ಲಿಡಬೇಕು. ಈಶ್ವರಸಾಧನೆಗಾಗಿಯೇ ಬರೆದ ನ್ಯಾಯಕುಸುಮಾಂಜಲಿಯ ಕೊನೆಯಲ್ಲಿ ಅವನು, ಇಷ್ಟು ಯುಕ್ತಿಗಳಿಂದ ತೊಳೆದರೂ ಯಾರ ಹೃದಯದಲ್ಲಿ ನೀನು ನೆಲೆಗೊಳ್ಳಲಿಲ್ಲವೋ ಅವರೂ ನಿನ್ನನ್ನು ವಿರೋಧಿಸುವ ನೆಪದಿಂದ ನಿನ್ನನ್ನೇ ಚಿಂತಿಸಿದವರಾದುದರಿಂದ ಕಾಲ ಬಂದಾಗ ನೀನೇ ಅವರನ್ನು ದಾಟಿಸಬೇಕು ಎಂಬ ಅಭಿಪ್ರಾಯದಿಂದ ಪ್ರಾರ್ಥಿಸುತ್ತಾನೆ. ನಾನು ಈ ಗ್ರಂಥವನ್ನು ಓದಿದುದು ಒಬ್ಬ ವೃದ್ಧ ನೈಯಾಯಿಕರ ಪಾದಮೂಲದಲ್ಲಿ. ಈ ಭಾಗವನ್ನು ಪಾಠ ಹೇಳುವಾಗ ಅವರ ಕಂಠವು ಗದ್ಗದವಾಗುತ್ತಿತ್ತು. 'ನೋಡಪ್ಪಾ, ದೇವರಿಲ್ಲವೆಂದವನಿಗೆ ಸಾಯುವಾಗ ಜೊತೆಗಾರರಿಲ್ಲ. ಅದಕ್ಕೇ ಆಚಾರ್ಯರು ಅವನ ಪರವಾಗಿ ತಾವೇ ಬೇಡಿಕೊಂಡರು' ಎಂದು ಹೇಳುತ್ತಿದ್ದರು. ಜೊತೆಗಾರರಿಲ್ಲ ಎಂಬ ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಚಿಕ್ಕಬೆಟ್ಟವನ್ನು ಹತ್ತಿ ಅಲ್ಲಿಯ ಬಂಡೆಯಮೇಲಿನ ಅಕ್ಷರಗಳನ್ನು ಓದತೊಡಗಿದ ದಿನ ಅದೇ ಮಾತು ನೆನಪಿಗೆ ಬಂದಿತು.

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಶಾಸನಗಳಲ್ಲಿ ಕಟವಪ್ರವೆಂದೂ ಕಳ್ವಪ್ಪು ಎಂದೂ ಹೆಸರು. ಬಿ. ಎಲ್. ರೈಸರು ೧೮೮೯ರಲ್ಲಿ ಇಲ್ಲಿಯ ೧೪೪ ಶಾಸನಗಳನ್ನು ಅಚ್ಚುಮಾಡಿಸಿದರು, ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನು ಪರಿಷ್ಕರಿಸಿ ಸಂಖ್ಯೆಯನ್ನು ೫೦೦ಕ್ಕೆ ಏರಿಸಿದರು. ಮೊದಲನೆಯ ಶಾಸನವು ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿದೆ. ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. ೬೦೦. ಉಜ್ಜಯಿನಿಯಲ್ಲಿ ಭದ್ರಬಾಹುವು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ತಿಳಿಸಿದುದು, ಸಂಘವು ದಕ್ಷಿಣಕ್ಕೆ ಬಂದುದು, ಪ್ರಭಾಚಂದ್ರನೆಂಬ ಆಚಾರ್ಯನು ಈ ಬೆಟ್ಟದಮೇಲೆ ಸಮಾಧಿಮರಣವನ್ನು ಪಡೆದುದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿಯನ್ನು ಹಿಡಿದುದು ಇದರಲ್ಲಿ ಉಕ್ತವಾಗಿದೆ. ಈ ಪ್ರಭಾಚಂದ್ರನೇ ಚಂದ್ರಗುಪ್ತಮೌರ್ಯನೋ ಅಲ್ಲವೋ ಎಂಬ ವಾದದಲ್ಲಿ ನಮ್ಮ ವಿದ್ವಾಂಸರು ಬೇಕಾದಷ್ಟು ಮಸಿಯನ್ನು ಚೆಲ್ಲಿದ್ದಾರೆ. ಮೌರ್ಯನ ಗಲಾಟೆಯಲ್ಲಿ ಆ ಏಳುನೂರು ಜನರ ಕಡೆಗೆ ನೋಡುವವರು ಕಡಮೆಯಾದರು. ಷ. ಶೆಟ್ಟರವರು ಇಂಗ್ಲಿಷಿನಲ್ಲಿ ಬರೆದ ಎರಡು ಗ್ರಂಥಗಳಿಂದ ಈಚೆಗೆ ಈ ಲೋಪವು ಬಹುಮಟ್ಟಿಗೆ ತುಂಬಿದೆ.

ಇವರೆಲ್ಲರೂ ಸೃಷ್ಟಿಕರ್ತನನ್ನು ಒಪ್ಪದವರೆಂಬುದು ನಿರ್ವಿವಾದವು. ಅಮೋಘವರ್ಷನ ಕಾಲದ ಜಿನಸೇನಾಚಾರ್ಯನು ಮಹಾಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿವಾದಿಯನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನಿಸುವ ರೀತಿಯನ್ನು ನೋಡಿರಿ. ಲೋಕವನ್ನು ಸೃಷ್ಟಿಸುವ ಮೊದಲು ಅವನು ಎಲ್ಲಿ ನಿಂತಿದ್ದನು? ಶರೀರವಿಲ್ಲದವನು ಮೂರ್ತವಸ್ತುವನ್ನು ಹೇಗೆ ಮಾಡಿದನು? ಕರುಣೆಯಿಂದ ಮಾಡಿದ್ದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ? ವಿನೋದಕ್ಕಾಗಿ ಎಂದರೆ ಅದು ಹುಡುಗರಾಟವಾಯಿತು. ಇಂಥ ಯುಕ್ತಿಗಳನ್ನು ಗುರುಪರಂಪರೆಯಿಂದ ಕೇಳಿದವರು ಸಾವು ಸಮೀಪಿಸಿದಾಗ ಯಾರನ್ನು ಕರೆಯಬೇಕು? ಜಿನನನ್ನು ಎಂದರೆ, ಜಿನನು ಬಾರನು. ಅವನು ಸಿದ್ಧಲೋಕದಲ್ಲಿರುವ ವೀತರಾಗನು. ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಅವನ ಪೂಜೆಯು ಪೂಜಿಸುವವನ ಮನಸ್ಸನ್ನು ತಿದ್ದುವುದಕ್ಕೆ ಸಾಧನವೇ ಹೊರತು ಅವನಿಂದ ಏನನ್ನಾದರೂ ಪಡೆಯುವುದಕ್ಕಲ್ಲ. ಕ್ಷಮಿಸುವ ಒಡೆಯನಿಲ್ಲ, ಆದುದರಿಂದ ಮಾಡಿದ ಕರ್ಮವನ್ನು ಯಾರೂ ಮನ್ನಿಸಲಾರರು.

ಇಂತಹ ಲೋಕದಲ್ಲಿ ಸಾವಿಗೆ ಏನರ್ಥ ಎಂಬುದಕ್ಕೆ ಅವರ ಶಾಸ್ತ್ರವು ಕೊಟ್ಟ ಉತ್ತರವೇ ಸಲ್ಲೇಖನವು. ಸಮಂತಭದ್ರನು ರತ್ನಕರಂಡಕದಲ್ಲಿ ಇದಕ್ಕೆ ಕಾಲವನ್ನು ಗೊತ್ತುಮಾಡಿದ್ದಾನೆ: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದು. ಬೇಸರಕ್ಕಲ್ಲ, ಅವಮಾನಕ್ಕಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದನು ಇದು ಆತ್ಮಹತ್ಯೆಯಾಗುವುದಿಲ್ಲವೇ ಎಂಬ ಶಂಕೆಯನ್ನು ತಾನೇ ಎತ್ತಿ ಉತ್ತರಿಸುತ್ತಾನೆ. ರಾಗದ್ವೇಷಮೋಹಗಳಿಂದ ಕೂಡಿ ವಿಷಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನು ಆತ್ಮಘಾತಕನು. ಇಲ್ಲಿ ಆ ರಾಗಾದಿಗಳು ಇಲ್ಲ. ಅವನು ಕೊಡುವ ದೃಷ್ಟಾಂತವು ಸೊಗಸಾಗಿದೆ. ಮನೆಯ ತುಂಬ ಸರಕನ್ನು ಕೂಡಿಟ್ಟ ವರ್ತಕನಿಗೆ ಮನೆಯು ಹಾಳಾಗುವುದು ಇಷ್ಟವಲ್ಲ. ಅಪಾಯ ಬಂದರೆ ಕೈಲಾದಷ್ಟು ಅದನ್ನು ತಡೆಯುತ್ತಾನೆ. ತಡೆಯಲಾಗದಿದ್ದರೆ ಮನೆಯನ್ನು ಬಿಟ್ಟು ಸರಕನ್ನು ಉಳಿಸಲು ಯತ್ನಿಸುತ್ತಾನೆ. ಈ ದೃಷ್ಟಾಂತದಲ್ಲಿ ದೇಹವು ದ್ವೇಷಿಸತಕ್ಕ ವಸ್ತುವಲ್ಲವೆಂಬುದನ್ನು ಗಮನಿಸಬೇಕು. ಅದು ಮನೆ, ಕೊನೆಯವರೆಗೂ ಕಾಪಾಡತಕ್ಕ ಮನೆ.

ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಇನ್ನೂ ಬದುಕಬೇಕೆಂಬ ಆಸೆ ಒಂದು. ಬೇಗನೆ ಸಾಯಬೇಕೆಂಬ ಆಸೆ ಮತ್ತೊಂದು. ಗೆಳೆಯರಲ್ಲಿ ಮಮತೆ, ಹಿಂದೆ ಅನುಭವಿಸಿದ ಸುಖಗಳ ಸ್ಮರಣೆ, ಕೊನೆಯದಾಗಿ ನಿದಾನ, ಎಂದರೆ ಈ ತಪಸ್ಸಿಗೆ ಇಂಥ ಫಲವು ಮುಂದೆ ಬರಲಿ ಎಂಬ ಸಂಕಲ್ಪ. ಮರಣವನ್ನು ಬಯಸುವುದೂ ಜೀವಿತವನ್ನು ಬಯಸುವಷ್ಟೇ ದೋಷವೆಂದು ಹೇಳಿದ ಈ ಎಚ್ಚರವು ನನಗೆ ಬಹು ದೊಡ್ಡದಾಗಿ ತೋರುತ್ತದೆ. ಅದಕ್ಕಿಂತಲೂ ದೊಡ್ಡದು ನಿದಾನನಿಷೇಧ. ಕರ್ತೃವುಳ್ಳ ಮತದಲ್ಲಿ ಅಂತ್ಯಕಾಲದ ಪ್ರಾರ್ಥನೆಯು ಧರ್ಮ. ಇಲ್ಲಿ ಬೇಡಿಕೆಯೇ ವ್ರತಭಂಗ. ಕೊಡುವವನಿಲ್ಲದುದರಿಂದ ಬೇಡಬಾರದೆಂದಲ್ಲ. ಬೇಡಿದರೆ ಬೇಡಿದುದು ಸಿಕ್ಕಿಬಿಡುತ್ತದೆ ಎಂಬುದೇ ಅವರ ಭಯ! ವಡ್ಡಾರಾಧನೆಯ ಮೊದಲನೆಯ ಕಥೆಯನ್ನು ಓದಿದವರಿಗೆ ಇದು ತಿಳಿದೇ ಇದೆ. ಒದ್ದ ಕಾಲನ್ನು ತಿನ್ನುವೆನೆಂದು ಒಂದು ಜನ್ಮದಲ್ಲಿ ಅತ್ತಿಗೆಯು ಮಾಡಿದ ನಿದಾನವು, ನರಿಯಾಗಿ ಹುಟ್ಟಿ ಧ್ಯಾನದಲ್ಲಿದ್ದ ಸುಕುಮಾರಸ್ವಾಮಿಯನ್ನು ಕಾಲಿನಿಂದ ಮೊದಲುಮಾಡಿ ತಿನ್ನುವವರೆಗೆ ಬಿಡಲಿಲ್ಲ. ಬಯಕೆಯನ್ನು ತೂಗಿ ನೋಡಿ ಕೊಡುವ ದಯಾಳುವಿಲ್ಲದ ಲೋಕದಲ್ಲಿ ಬಯಕೆಯು ಕಲ್ಲು ಬೀಳುವಂತೆ ನೇರವಾಗಿ ಬೀಳುತ್ತದೆ.

ಈಗ ಜೊತೆಗಾರರ ವಿಷಯ. ವಡ್ಡಾರಾಧನೆಗೆ ಮೂಲವೆನ್ನಬಹುದಾದ ಭಗವತೀ ಆರಾಧನೆಯೆಂಬ ಪ್ರಾಕೃತಗ್ರಂಥದಲ್ಲಿ ಶಿವಕೋಟ್ಯಾಚಾರ್ಯನು, ಸಲ್ಲೇಖನವನ್ನು ಕೈಕೊಂಡ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರು ಇರತಕ್ಕುದೆಂದು ವಿಧಿಸುತ್ತಾನೆ. ಅವರ ಕೆಲಸಗಳನ್ನು ಅವನು ಹಂಚಿರುವ ರೀತಿಯನ್ನು ನೋಡಿದರೆ ರೋಗಿಯ ಮಗ್ಗುಲಲ್ಲಿ ರಾತ್ರಿಗಳನ್ನು ಕಳೆದವನೇ ಇದನ್ನು ಬರೆದಿರಬೇಕೆನಿಸುತ್ತದೆ. ಕೆಲವರು ಅವನನ್ನು ಹಿಡಿದು ಏಳಿಸುವರು, ಮಗ್ಗುಲು ಬದಲಾಯಿಸುವರು. ಕೆಲವರು ಧರ್ಮಕಥೆಗಳನ್ನು ಹೇಳುವರು. ಕೆಲವರು ಆಹಾರಪಾನಗಳನ್ನು ನೋಡಿಕೊಳ್ಳುವರು. ಕೆಲವರು ಮಲಮೂತ್ರಗಳನ್ನು ತೆಗೆಯುವರು. ಕೆಲವರು ಬಾಗಿಲು ಕಾಯುವರು. ಕಾಲದೋಷದಿಂದ ಅಷ್ಟು ಜನರು ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಮೆಯಾಗಕೂಡದು. ಒಬ್ಬನು ಹೊರಗೆ ಹೋದಾಗ ಕ್ಷಪಕನು ಒಂಟಿಯಾಗಬಾರದಲ್ಲವೇ? ಕಥೆ ಹೇಳುವವರಿಗೂ ಇಲ್ಲಿ ಒಂದು ಸ್ಥಾನವಿರುವುದನ್ನು ಸಾಹಿತ್ಯದ ಅಧ್ಯಾಪಕರು ಮನಸ್ಸಿಗೆ ತಂದುಕೊಳ್ಳಬೇಕು. ಕನ್ನಡದ ಮೊದಲ ಗದ್ಯಕಥೆಗಳೆಂದು ನಾವು ತರಗತಿಗಳಲ್ಲಿ ಪಾಠ ಹೇಳುವ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಮೂಲಪ್ರಯೋಜನವು ಸಾಯುತ್ತಿರುವವನ ಕಿವಿ. ಇಂಥಿಂಥವರು ಇದಕ್ಕಿಂತ ಘೋರವಾದ ವೇದನೆಯನ್ನು ಸಹಿಸಿದರು, ನೀನೂ ಸಹಿಸು ಎಂದು ಧೈರ್ಯ ಹೇಳುವುದಕ್ಕಾಗಿ ಅವು ಹುಟ್ಟಿದುವು. ಹಳಗನ್ನಡದ ರೂಪಗಳಿಗೆ ಉದಾಹರಣೆ ಹುಡುಕುವ ನಮ್ಮ ಪಾಠಕ್ರಮದಲ್ಲಿ ಈ ಸಂಗತಿಯು ಮರೆತುಹೋಗಿದೆ.

ನನ್ನ ಗುರುಗಳ ಮಾತಿಗೆ ಇಲ್ಲಿ ಉತ್ತರವಿದೆ. ಸರ್ವಸಾಕ್ಷಿಯಾದ ಈಶ್ವರನು ಇಲ್ಲದಿರುವುದರಿಂದ ಮನುಷ್ಯರೇ ಸಾಕ್ಷಿಗಳಾಗಬೇಕಾಯಿತು. ಅವರ ಅನಂತರ ಕಲ್ಲು ಸಾಕ್ಷಿಯಾಗಬೇಕಾಯಿತು. ನಿಸಿದಿಗಲ್ಲು ಸತ್ತವನ ಆತ್ಮಕ್ಕೆ ಏನನ್ನೂ ಕೊಡುವುದಿಲ್ಲ. ಶ್ರಾದ್ಧದ ಪಿಂಡದಂತೆ ಅವನಿಗೆ ಅದು ಮುಟ್ಟುವುದೂ ಇಲ್ಲ. ಈ ಮರಣವು ಕ್ರಮವಾಗಿ ನಡೆಯಿತು, ನಾವು ನೋಡಿದೆವು ಎಂಬ ಹೇಳಿಕೆ ಮಾತ್ರ ಅದರಲ್ಲಿದೆ.

ಹೊಯ್ಸಳರ ಕಾಲದ ಒಂದು ಶಾಸನದಿಂದ ಇದು ಚೆನ್ನಾಗಿ ತಿಳಿಯುತ್ತದೆ. ಪಟ್ಟಮಹಿಷಿಯಾದ ಶಾಂತಲದೇವಿಯು ಶಕ ೧೦೫೩ರಲ್ಲಿ, ಕ್ರಿ.ಶ. ೧೧೩೧ರಲ್ಲಿ, ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆಯು ಜೈನಳು. ತಂದೆ ಮಾರಸಿಂಗಯ್ಯನು ಶಿವಭಕ್ತನು. ಗಂಡನಾದ ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿದವನು. ಅವಳೇ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಈಶ್ವರನ ವಿಷಯದಲ್ಲಿ ಮೂರು ಬಗೆಯ ಉತ್ತರಗಳು ಒಂದೇ ಮನೆಯಲ್ಲಿ ಊಟಮಾಡುತ್ತಿದ್ದುವು! ಮಗಳು ಹೋದಮೇಲೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡು ಒಂದು ತಿಂಗಳು ಉಪವಾಸವಿದ್ದು ಗುರುಗಳ ಸನ್ನಿಧಿಯಲ್ಲಿ ದೇಹವಿಟ್ಟಳು. ಶಾಸನದ ಕವಿಯು ಅವಳ ಅರೆಮುಚ್ಚಿದ ಕಣ್ಣುಗಳನ್ನೂ ಪಂಚಪದಗಳ ಉಚ್ಚಾರಣೆಯನ್ನೂ ಜಿನೇಂದ್ರಧ್ಯಾನವನ್ನೂ ಹೇಳಿ, ಬಂಧುಗಳನ್ನು ಬೀಳ್ಕೊಂಡ ಅವಳ ಘನತೆಯನ್ನೂ ಹೊಗಳುತ್ತಾನೆ. ಅವಳಿಗೆ ಮೋಕ್ಷವಾಯಿತೆಂದು ಅವನು ಹೇಳುವುದಿಲ್ಲ. ಅದು ಶಾಸ್ತ್ರಕ್ಕೆ ಒಪ್ಪುವುದೂ ಇಲ್ಲ. ಅವನು ಕಂಡುದು ಕಣ್ಣು, ತುಟಿ, ಬೀಳ್ಕೊಡುಗೆ. ಮಗಳನ್ನು ಕಳೆದುಕೊಂಡ ತಾಯಿಯ ಈ ನಿರ್ಧಾರದಲ್ಲಿ ಶೋಕವೆಷ್ಟು, ವ್ರತವೆಷ್ಟು ಎಂದು ಕೇಳುವ ಹಕ್ಕು ವಿಮರ್ಶಕನಿಗೆ ಇದ್ದೇ ಇದೆ. ಉತ್ತರವು ಶಾಸನದಲ್ಲಿಲ್ಲ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಶೋಕವು ಉಳಿದಿದ್ದರೆ ಅದು ಅತಿಚಾರವು. ಬೀಳ್ಕೊಂಡ ಘನತೆಯನ್ನು ಕವಿಯು ವಿಶೇಷವಾಗಿ ಎತ್ತಿ ಹೇಳಿದುದು ಆ ಶಂಕೆಗೆ ಉತ್ತರವಾಗಿಯೇ ಇರಬಹುದು.

ಇದೇ ಶಂಕೆಯನ್ನು ಅರಸರ ವಿಷಯದಲ್ಲಿಯೂ ಎತ್ತಬೇಕಾಗುತ್ತದೆ. ಗಂಗರ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು ಕೊನೆಗೆ ರಾಜ್ಯವನ್ನು ಬಿಟ್ಟು ೯೭೪ರಲ್ಲಿ ಬಂಕಾಪುರದಲ್ಲಿ ಅಜಿತಸೇನಭಟ್ಟಾರಕರ ಪಾದಮೂಲದಲ್ಲಿ ಮೂರು ದಿನ ನೋಂತು ಮುಡಿಪಿದನೆಂದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಹೇಳುತ್ತದೆ. ಅವನು ಪಟ್ಟಕಟ್ಟಲೆಳಸಿದ ರಾಷ್ಟ್ರಕೂಟರ ಇಂದ್ರನು ೯೮೨ರಲ್ಲಿ ಬೆಳಗೊಳದಲ್ಲಿಯೇ ಅದೇ ರೀತಿ ಸತ್ತನು. ೯೭೩ರಲ್ಲಿ ತೈಲಪನು ರಾಷ್ಟ್ರಕೂಟರಾಜ್ಯವನ್ನು ಕಿತ್ತುಕೊಂಡಿದ್ದನೆಂಬುದನ್ನು ಮರೆಯುವಂತಿಲ್ಲ. ಗೆದ್ದಿದ್ದರೆ ಇವರು ಸಲ್ಲೇಖನವನ್ನು ಮಾಡುತ್ತಿದ್ದರೇ? ಸೋತವನಿಗೆ ಈ ವ್ರತವು ಗೌರವದ ಬಾಗಿಲಾಗಿ ಒದಗಿತೆಂದು ಹೇಳಿದರೆ ತಪ್ಪಾಗಲಾರದು. ಆದರೆ ಬಾಗಿಲು ಅಲ್ಲಿದ್ದುದರಿಂದಲೇ ಒದಗಿತು. ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಬಿರುದುಗಳಿಲ್ಲದ ಸಾಮಾನ್ಯರು ಅದನ್ನು ತೆರೆದಿಟ್ಟಿದ್ದರು.

ಈ ಕಲ್ಲುಗಳ ಪಕ್ಕದಲ್ಲಿ ಒಂದು ವೀರಗಲ್ಲನ್ನು ನಿಲ್ಲಿಸಿ ನೋಡೋಣ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು; ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಇಲ್ಲಿ ಸಾವೆಂಬುದು ಒಂದು ಪಯಣ, ಕೊನೆಯಲ್ಲಿ ಬರಮಾಡಿಕೊಳ್ಳುವ ಒಡೆಯನಿದ್ದಾನೆ. ತುರುಗೊಳ್‌ನಲ್ಲಿ ಸತ್ತ ಹಳ್ಳಿಯವನಿಗೆ ನಲವತ್ತೆಂಟು ನಿರ್ಯಾಪಕರು ಎಲ್ಲಿಂದ ಬರಬೇಕು? ಒಂದು ಬಾಣದ ಹೊತ್ತಿನಲ್ಲಿ ಮುಗಿಯುವ ಸಾವಿಗೆ ಸಿದ್ಧತೆಯೆಂಬುದೇ ಇಲ್ಲದುದರಿಂದ ಆಚೆಯ ದಡದಲ್ಲಿ ಕೈಹಿಡಿಯುವವನು ಬೇಕೇಬೇಕು. ಹಳೆಯಬೀಡಿನಲ್ಲಿ ಎರಡನೆಯ ಬಲ್ಲಾಳನೊಡನೆ ಸತ್ತ ಕುವರಲಕ್ಷ್ಮನ ಕಂಬದಲ್ಲಿಯಾದರೋ ದೊರೆಯೇ ದೈವವಾಗಿದ್ದಾನೆ. ಭಾಗವತದ ಆರನೆಯ ಸ್ಕಂಧದ ಅಜಾಮಿಳನು ಈ ಭಾವದ ತುತ್ತತುದಿ. ಆಯುಷ್ಯವೆಲ್ಲ ಕೆಟ್ಟು ಬಾಳಿದವನು ಸಾಯುವಾಗ ನಾರಾಯಣನೆಂಬ ಮಗನನ್ನು ಕೂಗಿದನು. ಹೆಸರಿನ ಒಡೆಯನ ದೂತರು ಬಂದು ಯಮದೂತರನ್ನು ತಡೆದರು. ಜೈನನ ದೃಷ್ಟಿಯಲ್ಲಿ ಇದು ಎರಡು ಅತಿಚಾರಗಳ ಕಥೆ! ಮಮತೆಯೂ ಇದೆ, ಬದುಕುವ ಆಸೆಯೂ ಇದೆ. ಭಕ್ತನ ದೃಷ್ಟಿಯಲ್ಲಿ ಇದಕ್ಕಿಂತ ಭರವಸೆಯ ಕಥೆಯಿಲ್ಲ; ಸಿದ್ಧತೆಯಿಲ್ಲದವನನ್ನೂ ಇದು ಬಿಟ್ಟುಹಾಕುವುದಿಲ್ಲ. ಈ ಒಂದು ಅಂಶದಲ್ಲಿ ಈಶ್ವರವಾದದ ಕಡೆಗೇ ನನ್ನ ಮನಸ್ಸು ಒಲಿಯುತ್ತದೆಂಬುದನ್ನು ಮರೆಮಾಚುವುದಿಲ್ಲ. ಸಲ್ಲೇಖನವು ಬಿಡುವು ಉಳ್ಳವನ ಮರಣ.

ಈ ಕೊರತೆಯನ್ನು ಜೈನರೂ ಕಂಡುಕೊಂಡಿದ್ದರು. ಕನ್ನಡದಲ್ಲಿ ಭಾಸ್ಕರನು ೧೪೨೪ರಲ್ಲಿ ಹೇಳಿದ ಜೀವಂಧರನ ಕಥೆಯಲ್ಲಿ, ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರಮಂತ್ರವನ್ನು ಉಸಿರುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಮಂತ್ರವನ್ನು ಕೇಳಿ ಒಲಿದು ಬಂದವರು ಯಾರೂ ಇಲ್ಲ, ನಾಯಿಯ ಪರಿಣಾಮವು ಶುದ್ಧವಾದುದೇ ಕಾರಣ ಎಂದು ಶಾಸ್ತ್ರಿಗಳು ಸಮಾಧಾನ ಹೇಳಬಹುದು. ಆದರೂ ಅಜಾಮಿಳನಿಗೂ ಈ ನಾಯಿಗೂ ನಡುವೆ ದೂರವು ಬಹಳವಿಲ್ಲ. ಸಿದ್ಧಾಂತವು ಎಷ್ಟೇ ನಿರ್ಮಲವಾಗಿರಲಿ, ಸಾಯುವವನ ಕಿವಿಗೆ ಒಂದು ಹೆಸರು ಬೇಕು.

ಉಳಿದವನು ಲೋಕಾಯತನು. ನಾನು ತಿರುವಿಹಾಕಿದ ಶಾಸನಸಂಪುಟಗಳಲ್ಲಿ ಲೋಕಾಯತನ ಸ್ಮಾರಕವೊಂದೂ ಕಣ್ಣಿಗೆ ಬೀಳಲಿಲ್ಲ. ಮರಣವೇ ಮೋಕ್ಷವೆಂಬ ಅವರ ಮಾತು ಸರ್ವದರ್ಶನಸಂಗ್ರಹದ ಮೊದಲನೆಯ ಅಧ್ಯಾಯದಲ್ಲಿದೆ. ಅದೂ ಎದುರಾಳಿಯ ಬಾಯಿಂದ. ಆ ಪಂಗಡಕ್ಕೆ ಸೇರಿಸಬಹುದಾದ ಜಯರಾಶಿಯ ತತ್ತ್ವೋಪಪ್ಲವಸಿಂಹವು ೧೯೨೬ರಲ್ಲಿ ಪಾಟಣದ ಭಂಡಾರದಲ್ಲಿ ದೊರೆತು ೧೯೪೦ರಲ್ಲಿ ಬಡೋದೆಯಲ್ಲಿ ಅಚ್ಚಾಯಿತು. ಅದನ್ನು ಶತಮಾನಗಳ ಕಾಲ ಕಾಪಾಡಿದುದು ಜೈನರ ಭಂಡಾರವೇ. ಅದರಲ್ಲಿ ಪ್ರಮಾಣಗಳ ಖಂಡನೆಯಿದೆ. ಸಾಯುವವನಿಗೆ ಹೇಳುವ ಮಾತಿಲ್ಲ. ಅವರು ಹೇಗೆ ಸತ್ತರೆಂಬುದಕ್ಕೆ ಸಾಕ್ಷಿಗಳಿಲ್ಲದುದರಿಂದ ಕಷ್ಟದಿಂದ ಸತ್ತರೆಂದು ತೀರ್ಮಾನಿಸುವುದು ಕುಮಾರಿಲನನ್ನು ಸುಟ್ಟ ಕವಿಯ ತಪ್ಪನ್ನೇ ಮಾಡಿದಂತೆ.

ಪೂಜ್ಯಪಾದನು ಎತ್ತಿದ ಶಂಕೆಯು ನಮ್ಮ ಕಾಲದಲ್ಲಿ ನ್ಯಾಯಾಸ್ಥಾನದವರೆಗೆ ಹೋಯಿತು. ೨೦೧೫ನೆಯ ಇಸವಿ ಆಗಸ್ಟ್ ೧೦ರಂದು ರಾಜಸ್ಥಾನದ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯೆಂದು ಎಣಿಸಿ ತೀರ್ಪನ್ನು ಕೊಟ್ಟಿತು. ಅದೇ ತಿಂಗಳ ೩೧ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆಯನ್ನು ವಿಧಿಸಿತು. ಎರಡು ಪಕ್ಷದವರಲ್ಲಿಯೂ ಆಗ ಎದ್ದ ಗದ್ದಲದಲ್ಲಿ ಆ ಐದು ಅತಿಚಾರಗಳ ಚರ್ಚೆಯು ಹೆಚ್ಚಾಗಿ ಕೇಳಿಬರಲಿಲ್ಲ. ಮರಣಾಶಂಸೆಯಿದ್ದರೆ ವ್ರತವೇ ಅಲ್ಲವೆಂದು ಶಾಸ್ತ್ರವೇ ಹೇಳುತ್ತಿರುವಾಗ, ಒಬ್ಬನ ಮನಸ್ಸಿನಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಕಾಣುವವರು ಯಾರು ಎಂಬುದೇ ಕಠಿನವಾದ ಪ್ರಶ್ನೆಯು. ಹಿಂದೆ ಆ ಭಾರವು ನಿರ್ಯಾಪಕಾಚಾರ್ಯನ ಮೇಲಿದ್ದಿತು. ವ್ರತವನ್ನು ಬೇಡಿದವರಿಗೆಲ್ಲ ಅವನು ಕೊಡುವಂತಿರಲಿಲ್ಲ.

ನ್ಯಾಯಕುಸುಮಾಂಜಲಿಯನ್ನು ಕಲಿಸಿದ ನನ್ನ ಗುರುಗಳು ತೊಂಬತ್ತರ ಹತ್ತಿರ ಬಾಳಿದರು. ಕೊನೆಯ ದಿನಗಳಲ್ಲಿ ಅವರನ್ನು ನೋಡಲು ಹೋಗಿದ್ದಾಗ, ಏನಾದರೂ ಪಾರಾಯಣಮಾಡಲೇ ಎಂದು ಕೇಳಿದೆನು. ಕಾರ್ಯದಿಂದ ಕರ್ತೃವನ್ನು ಅನುಮಾನಿಸುವ ಯುಕ್ತಿಗಳನ್ನು ಅರುವತ್ತು ವರ್ಷ ಪಾಠ ಹೇಳಿದ ಅವರು, 'ಏನೂ ಬೇಡಪ್ಪಾ, ರಾತ್ರಿ ಇಲ್ಲಿಯೇ ಕೂತಿರು' ಎಂದರು. ನಾವು ಇಬ್ಬರು ಶಿಷ್ಯರು ಸರದಿಯಂತೆ ಕುಳಿತೆವು. ಇಬ್ಬರಿಗಿಂತ ಕಡಮೆಯಾಗಬಾರದೆಂಬ ವಿಧಿಯು ಆಗ ನನಗೆ ತಿಳಿದಿರಲಿಲ್ಲ.

ಚಿಕ್ಕಬೆಟ್ಟದ ಏಳನೆಯ ಶತಮಾನದ ಬರೆಹಗಳಲ್ಲಿ ನಂದಿಸೇನಮುನಿಯದು ಪದ್ಯವಾಗಿದ್ದು ಎಲ್ಲರಿಗೂ ತಿಳಿದಿದೆ. ಸಿರಿಯನ್ನು ಕಾಮನಬಿಲ್ಲಿಗೂ ಮಿಂಚಿಗೂ ಹೋಲಿಸಿದ ಆ ಪದ್ಯವು ಪಠ್ಯಪುಸ್ತಕಗಳಲ್ಲಿಯೂ ಸೇರಿದೆ. ಅದರ ಸುತ್ತಲಿರುವ ಬರೆಹಗಳು ಹೆಚ್ಚಿನವು ಒಂದೆರಡು ಸಾಲಿನವು. ಊರು, ಗುರು, ಹೆಸರು, ಎಷ್ಟು ದಿನ ನೋಂತರು, ಇಷ್ಟೇ. ಕೆಲವದರಲ್ಲಿ ಸುರಲೋಕದ ಮಾತೂ ಇಲ್ಲ. ಚಿತ್ತೂರಿನ ಮೌನಿಗುರುವಿನ ಶಿಷ್ಯೆಯಾದ ನಾಗಮತಿಯೆಂಬ ಕಂತಿಯದು ಅಂಥದೊಂದು. ಅವಳು ಮೂರು ತಿಂಗಳು ನೋಂತು ಮುಡಿಪಿದಳೆಂದಿದೆ. ಮಾರಸಿಂಹನಿಗೆ ಮೂರು ದಿನ, ಮಾಚಿಕಬ್ಬೆಗೆ ಒಂದು ತಿಂಗಳು; ಇವಳಿಗೆ ಮೂರು ತಿಂಗಳು. ಆ ತೊಂಬತ್ತು ದಿನಗಳಲ್ಲಿ ಅವಳ ಬಳಿಯಲ್ಲಿ ಕುಳಿತವರ ಹೆಸರುಗಳು ಬಂಡೆಯಮೇಲೆ ಇಲ್ಲ. ಅಕ್ಷರಗಳನ್ನು ಕೆತ್ತಿಸಿದವರು ಅವರೇ ಆಗಿರಬೇಕು.